ಅರವತ್ತೊಂದು ಬಡಿತ, ಒಂದು ಕೊಸರು

ಶಾಂತಸಾಗರದ ಆತಿಯು ಎಂಬ ದ್ವೀಪದಲ್ಲಿ ಕೈರಂಗಿ ಹೆಣೆಯದ ಟೋಪಿ ಇದ್ದದ್ದು ಒಂದೇ ತಲೆಯ ಮೇಲೆ. ಅದು ಪೊಲೀಸ್ ಪೇದೆಯ ತಲೆ. ಅದಕ್ಕೆ ಸರ್ಕಾರವೇ ಟೋಪಿ ಕೊಟ್ಟಿತ್ತು. ಉಳಿದವರೆಲ್ಲ ಅವಳ ಅಂಗಡಿಯ ಜಗಲಿಗೇ ಬರಬೇಕು. ಹೆಂಗಸರಿಗೆ ತೆಂಗಿನ ಎಳೆಸುಳಿಯನ್ನು ಸೀಳಿ, ಬೇಯಿಸಿ, ಬಿಸಿಲಿಗೆ ಒಣಗಿಸಿ ಹೆಣೆದ ಭಾನುವಾರದ ಬಿಳಿ ಟೋಪಿ. ಗಂಡಸರಿಗೆ ಕೇದಗೆ ಗರಿಯದು. ದಾರ ಸುತ್ತಿ ತಲೆಯ ಅಳತೆ ತೆಗೆದು, ಒಂದು ಗಂಟು ಹಾಕಿ, ಆ ದಾರವನ್ನು ಗೋಡೆಯ ಮೊಳೆಗೆ ನೇತುಹಾಕುವಳು. ದಾರದ ಮೇಲೆ ಹೆಸರಿರುತ್ತಿರಲಿಲ್ಲ. ಮಾತಾಡಿಸುತ್ತ ಅಳತೆ ತೆಗೆಯುವವಳಿಗೆ ತಲೆಯ ಹೊರಗಿನ ಸುತ್ತಳತೆಯ ಜೊತೆಗೆ ಒಳಗಿನದೂ ಒಂದಿಷ್ಟು ಸಿಕ್ಕಿಬಿಡುತ್ತದೆ. ಹೆಸರು ಬರೆದುಕೊಳ್ಳುವ ಅಗತ್ಯವೇನು?

ಅಂಗಡಿಯಲ್ಲಿ ಟೋಪಿಯ ಜೊತೆಗೆ ಡಬ್ಬಿ ಮಾಂಸ, ಸೋಪು, ಸೀಮೆಎಣ್ಣೆ, ಸಕ್ಕರೆ ಕೂಡ ಇದ್ದವು. ಸಕ್ಕರೆ ತೂಗುವಾಗ ತಕ್ಕಡಿಯ ಮುಳ್ಳು ಸಮಕ್ಕೆ ಬಂತೆಂದರೆ ಅವಳ ಕೈ ಅಲ್ಲೇ ನಿಲ್ಲುತ್ತಿತ್ತು.

"ಒಂದು ಚಿಟಿಕೆ ಕೊಸರು ಹಾಕಕ್ಕಾ" ಎಂದು ಯಾರಾದರೂ ಗೋಗರೆದರೆ, "ಕೊಸರು ಪರಲೋಕದಲ್ಲಿ ಕೊಡ್ತಾರಂತೆ, ಅಲ್ಲೇ ಹೋಗಿ ಕೇಳ್ಕೊ" ಎನ್ನುವಳು.

ಸೋಮವಾರ ಮಾತ್ರ ಹಿತ್ತಲ ಬಾಗಿಲಿನಿಂದ ಎರಡು ಮೂಟೆ ಸಕ್ಕರೆ, ಒಂದು ಡಬ್ಬ ಯೀಸ್ಟ್ ಹೊರಗೆ ಹೋಗುತ್ತಿದ್ದವು. ದ್ವೀಪದಲ್ಲಿ ಬ್ರೆಡ್ ಸುಡುವವರು ಮೂರೇ ಜನ. ಉಳಿದ ಯೀಸ್ಟ್ ಎಲ್ಲಿಗೆ ಹೋಗುತ್ತದೆಂದು ಕೈರಂಗಿ ಕೇಳುತ್ತಿರಲಿಲ್ಲ. ಹೊತ್ತುಕೊಂಡು ಹೋಗುತ್ತಿದ್ದವನು ಅವಳ ಗಂಡ ತಮಾರುವೇ ಆದ್ದರಿಂದ ಕೇಳುವ ಅಗತ್ಯವೂ ಇರಲಿಲ್ಲ. ಅದು ಕಾಡಿನೊಳಗಿನ ತುಮುನುವಿಗೆ ಹೋಗುತ್ತಿತ್ತು. ತುಮುನು ಅಂದರೆ ತೆಂಗಿನ ಬುಡ ಕೊರೆದು ಮಾಡಿದ ಪೀಪಾಯಿ. ಅದರಲ್ಲಿ ಕಿತ್ತಳೆ ಹೆಂಡ ಹುಳಿಯುತ್ತದೆ. ಸುತ್ತ ಮರದ ದಿಮ್ಮಿಗಳ ಮೇಲೆ ಗಂಡಸರು ಕೂರುತ್ತಾರೆ. ಪೀಪಾಯಿಯ ಹಿಂದೆ ಕೂತವನು ಒಂದೇ ಚಿಪ್ಪಿನಲ್ಲಿ ಮೊಗೆದು ಒಬ್ಬೊಬ್ಬರಿಗೇ ಕೊಡುತ್ತಾನೆ. ತಮಾರು ಇಪ್ಪತ್ತೆರಡು ವರ್ಷ ಅಲ್ಲಿ ಕೂತು ಮೊಗೆದವನು. ಒಂದೆರಡು ಸುತ್ತು ಆದಮೇಲೆ ಅವನು ಚಿಪ್ಪಿನಿಂದ ಪೀಪಾಯಿಯ ಪಕ್ಕಕ್ಕೆ ಎರಡು ಸಲ ಬಡಿಯುತ್ತಿದ್ದ: ಟಕ್, ಟಕ್. ಆಗ ಎಲ್ಲರೂ ಎದ್ದು, ಟೋಪಿ ತೆಗೆದು, ತಲೆ ಬಗ್ಗಿಸಬೇಕು. ಪ್ರಾರ್ಥನೆ. ಹೆಂಡದ ಮಧ್ಯೆ ಪ್ರಾರ್ಥನೆ ಯಾಕೆಂದು ಕೇಳುವವರು ಹೊರಗಿನವರು.

ಆದರೆ ಚರ್ಚಿನಲ್ಲಿ ಪ್ರಭುಭೋಜನ ತೆಗೆದುಕೊಳ್ಳುವ ಪೂರ್ಣ ಸದಸ್ಯರು ಅಲ್ಲಿಗೆ ಹೋಗುವಂತಿರಲಿಲ್ಲ. ಹೋದರೆ ಹಿಂದಿನ ಬೆಂಚು. ಕೈರಂಗಿ ಪೂರ್ಣ ಸದಸ್ಯೆ. ಬಿಳಿ ಟೋಪಿ ಇಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂರುವವಳು. ಮಹಿಳಾ ಸಂಘದಲ್ಲಿ ತುಮುನುವಿನ ವಿರುದ್ಧದ ನಿರ್ಣಯವನ್ನು ಗಟ್ಟಿ ಗಂಟಲಿನಲ್ಲಿ ಓದಿದವಳೂ ಅವಳೇ. ಓದಿದ್ದು ಒಂದು ಶನಿವಾರ. ಸೋಮವಾರ ಹಿತ್ತಲ ಬಾಗಿಲು ಎಂದಿನಂತೆ ತೆರೆದುಕೊಂಡಿತು.

ಎರಡು ವರ್ಷದ ಹಿಂದೆ ತಮಾರು ಹೊಟ್ಟೆಯ ಗೆಡ್ಡೆಯಿಂದ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ತನ್ನಷ್ಟಕ್ಕೆ ನಗತೊಡಗಿದ.

"ಏನ್ರೀ ಅದು?"

"ನಮ್ಮ ಟೌರಾಕಿಯ ಪ್ರಾರ್ಥನೆ ನೆನಪಾಯ್ತು ಕಣೆ. ಮಂಗಳವಾರ ಹಿಂದಿನ ದಾರೀಲಿ ಬರ್ತಾನೆ. ಅವನಷ್ಟು ಚೆನ್ನಾಗಿ ತುಮುನೂಲಿ ಯಾರೂ ಪ್ರಾರ್ಥನೆ ಮಾಡಲ್ಲ. ಚರ್ಚಲ್ಲಿ ಮಾಡೋದಕ್ಕಿಂತ ಚೆನ್ನಾಗಿರತ್ತೆ, ನಿಜವಾಗ್ಲೂ."

"ಟೌರಾಕಿ? ನಮ್ಮ ಚರ್ಚಿನ ಸಭೆ ಹಿರಿಯ ಟೌರಾಕೀನಾ?"

ತಮಾರುವಿನ ನಗು ನಿಂತಿತು. "ಅಯ್ಯೋ, ಬಾಯಿ ಜಾರ್ತು. ಅಲ್ಲಿಯ ಮಾತು ಅಲ್ಲೇ ಇರ್ಬೇಕು. ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಭಾಷೆ ಕೊಡು."

ಕೊಟ್ಟಳು. ಐದು ದಿನದ ಮೇಲೆ ತಮಾರು ಸತ್ತ. ಅರವತ್ತೊಂದು ವರ್ಷ.

ಊರಿನ ಪದ್ಧತಿಯಂತೆ ಸತ್ತವರಿಗೆ ವಯಸ್ಸಿನ ವರ್ಷಕ್ಕೊಂದರಂತೆ ಚರ್ಚಿನ ಗಂಟೆ ಬಡಿಯಬೇಕು. ಜನ ತೋಟದಲ್ಲಿದ್ದರೂ, ಕಡಲಿನಲ್ಲಿದ್ದರೂ ಕೆಲಸ ನಿಲ್ಲಿಸಿ ಬಡಿತ ಎಣಿಸಿ, ಹೋದವರು ಯಾರೆಂದು ತಿಳಿದುಕೊಳ್ಳುತ್ತಾರೆ. ಎಣಿಕೆ ಮುಗಿದ ಮೇಲೇ ಸತ್ತವನು ಊರಿನ ಪಾಲಿಗೆ ಸತ್ತ ಹಾಗೆ. ಅಲ್ಲಿಯವರೆಗೆ ಅವನು ಎಲ್ಲೋ ಹೊರಗೆ ಹೋಗಿದ್ದಾನೆ ಅಷ್ಟೆ. ಗಂಟೆಗೂಡಿನ ಬೀಗದ ಕೈ ಸಭೆ ಹಿರಿಯ ಟೌರಾಕಿಯ ಸೊಂಟದಲ್ಲಿತ್ತು. ಅವನು ಕೈರಂಗಿಯ ಜಗಲಿಯ ಮೇಲೆ, ನೆಂಟರಿಷ್ಟರ ಎದುರಿನಲ್ಲಿ, ಹಣೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ: "ನಂಗೂ ಸಂಕಟ ಆಗತ್ತಮ್ಮ. ಆದ್ರೆ ಹೆಂಡದ ಪೀಪಾಯಿ ಕಾಯ್ದವನಿಗೆ ದೇವರ ಗಂಟೆ ಹೊಡೆಯೋಕಾಗಲ್ಲ. ನಾಳೆ ಮಕ್ಕಳು ಏನು ಕಲೀತಾರೆ?"

ಐದು ದಿನದ ಹಿಂದೆ ಕೊಟ್ಟ ಭಾಷೆ ಕೈರಂಗಿಯ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ನಿಂತಿತು. ತಮಾರುವನ್ನು ಮನೆಯ ಮುಂದೆ, ಬಾಳೆಯ ಪಕ್ಕದಲ್ಲಿ, ಸದ್ದಿಲ್ಲದೆ ಮಣ್ಣು ಮಾಡಿದರು. ಅಂದಿನಿಂದ ಅವಳಿಗೆ ಬೇಕಾದದ್ದು ಅರವತ್ತೊಂದು ಬಡಿತ. ಹಗ್ಗ ಎಳೆಯುವ ಕೈ ಮಾತ್ರ ಟೌರಾಕಿಯದೇ ಆಗಿರಬೇಕು. ಪ್ರತಿ ರಾತ್ರಿ ಶತ್ರುಗಳನ್ನು ಕ್ಷಮಿಸುವ ಸಾಲಿನವರೆಗೆ ಪ್ರಾರ್ಥನೆ ಹೇಳಿ, ಅಲ್ಲಿ ಒಂದು ಕ್ಷಣ ನಿಂತು, ಅದನ್ನು ದಾಟಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಅವಕಾಶ ಬಂದದ್ದು ಸುವಾರ್ತೆಯ ಹಬ್ಬಕ್ಕೆ. ದ್ವೀಪಕ್ಕೆ ಸುವಾರ್ತೆ ಬಂದ ದಿನ ಪ್ರತಿ ಹಳ್ಳಿಯವರೂ ಮೈದಾನದಲ್ಲಿ ಬೈಬಲಿನ ಒಂದೊಂದು ಕಥೆ ಆಡಬೇಕು. ಆ ಸಲ ಇವರ ಹಳ್ಳಿಗೆ ಚೀಟಿಯಲ್ಲಿ ನೋಹನ ಕಥೆ ಬಂತು. ಬಟ್ಟೆಬರೆ, ಸಾಮಾನು, ಯಾರು ಎಲ್ಲಿ ನಿಲ್ಲಬೇಕೆಂಬುದೆಲ್ಲ ಕೈರಂಗಿಯ ಪಾಲಿನ ಕೆಲಸ. ನೋಹ ಯಾರು ಎಂಬ ಮಾತು ಬಂದಾಗ ಅವಳು ಸಭೆಯಲ್ಲಿ ಎದ್ದು ನಿಂತು, "ತನ್ನ ಕಾಲದವರಲ್ಲಿ ನೀತಿವಂತ ಅಂತ ಇದೆ. ನಮ್ಮಲ್ಲಿ ಅಂಥವರು ಇನ್ಯಾರಿದಾರೆ?" ಎಂದು ಟೌರಾಕಿಯ ಕಡೆ ನೋಡಿದಳು. ಟೌರಾಕಿ ಬೇಡ ಬೇಡ ಎಂದು ಎರಡು ಸಲ ಕೈಯಾಡಿಸಿದ. ಮೂರನೆಯ ಸಲ ಕೇಳುವವರಿಲ್ಲದೆ ಹೋದೀತೆಂದು ಬೇಗ ಒಪ್ಪಿಕೊಂಡ.

ಟೋಪಿಯ ಅಳತೆಗೆಂದು ಜಗಲಿಗೆ ಬಂದು ಕೂತಾಗ ಅವನಿಗೊಂದು ಅನುಮಾನ.

"ನೋಹ ಟೋಪಿ ಹಾಕ್ತಿದ್ನೇನಮ್ಮಾ?"

"ನಲವತ್ತು ದಿನ ಮಳೆ ಹೊಯ್ದು ನಿಂತ ಮೇಲೆ ಬಿಸಿಲು ಹೇಗಿರತ್ತೆ ನೀವೇ ಹೇಳಿ ಹಿರಿಯರೆ. ಬರಿದಲೇಲಿ ಇದ್ರೆ ನೆತ್ತಿ ಸುಟ್ಟು ಹೋಗಲ್ವಾ?"

"ಅದೂ ಸರೀನೇ. ಅಂಚು ಸ್ವಲ್ಪ ಅಗಲ ಇರ್ಲಿ. ದೂರದವರಿಗೂ ಕಾಣ್ಬೇಕು."

"ಕಾಣೋ ಹಾಗೇ ಮಾಡ್ತೀನಿ."

ಅಂಚನ್ನು ಅಗಲ ಮಾಡಿದಳು. ಸುತ್ತಳತೆಯನ್ನು ಅರ್ಧ ಬೆರಳು ಸಡಿಲ ಬಿಟ್ಟಳು. ತೆಗೆಯುವಾಗ ಸಲೀಸಾಗಿ ಬರಲಿ ಎಂದು.

ತಮಾರುವಿನ ತಮ್ಮ ಪಿರಿ ಈಗ ತುಮುನುವಿನಲ್ಲಿ ಅಣ್ಣನ ಜಾಗದಲ್ಲಿ ಕೂರುತ್ತಿದ್ದ. ಕೈರಂಗಿ ಅವನಿಗೆ ನಾಟಕದಲ್ಲಿ ನೋಹನ ಆಳಿನ ವೇಷ ಕೊಟ್ಟಳು. ಹಡಗು ನೆಲಕ್ಕೆ ತಾಗಿ, ಪ್ರಾಣಿಗಳೆಲ್ಲ ಇಳಿದು, ಕಾಮನಬಿಲ್ಲು ಮೂಡಿದ ಮೇಲೆ ನೋಹ ದ್ರಾಕ್ಷಿತೋಟ ಮಾಡುತ್ತಾನಲ್ಲ, ಅಲ್ಲಿ ಪೀಪಾಯಿಯಿಂದ ದ್ರಾಕ್ಷಾರಸ ಮೊಗೆದು ಕೊಡುವ ಕೆಲಸ. ಪೀಪಾಯಿಯಲ್ಲಿ ಇದ್ದದ್ದು ಬರೀ ಶರಬತ್ತು.

"ಕಾಮನಬಿಲ್ಲಿಗೇ ಮುಗಿಸಿದ್ರೆ ಚೆನ್ನಾಗಿರ್ತಿತ್ತಲ್ಲ ಅತ್ತಿಗೆ" ಎಂದ ಪಿರಿ, ಬಡಗಿಯಿಂದ ತಂದ ಪೀಪಾಯಿಯನ್ನು ಸುತ್ತಿ ನೋಡುತ್ತ.

"ಬೈಬಲಲ್ಲಿ ಅಲ್ಲಿಗೇ ಮುಗಿಯಲ್ಲ. ನೀನು ಮೊಗೆಯೋಕೆ ಮುಂಚೆ ಚಿಪ್ಪಿಂದ ಎರಡು ಸಲ ಬಡೀಬೇಕು."

ಪಿರಿಯ ಕೈ ನಿಂತಿತು. "ಎರಡು ಸಲಾನಾ?"

"ಹಿಂದೆ ಕೂತವರು ಈ ಕಡೆ ನೋಡ್ಲಿ ಅಂತ."

"ಅತ್ತಿಗೆ, ನಾನು ನಿನ್ನೆ ಮೊನ್ನೆ ಹುಟ್ಟಿದವನಲ್ಲ. ಆ ಬಡಿತ ಕೇಳಿದ್ರೆ ಏನಾಗತ್ತೆ ಅಂತ ನಂಗೊತ್ತು, ನಿಂಗೂ ಗೊತ್ತು. ಅಣ್ಣ ನಿನ್ನ ಹತ್ರ ಭಾಷೆ ತಗೊಂಡಿದ್ದ."

"ಬಾಯಿ ಬಿಡಲ್ಲ ಅಂತ ಕೊಟ್ಟಿದ್ದೆ. ಬಿಟ್ಟಿದೀನಾ? ಎರಡು ವರ್ಷ ಆಯ್ತು. ನಿಮ್ಮಣ್ಣನ್ನ ನಾಯಿ ಹೂತ ಹಾಗೆ ಹೂತು ಎರಡು ವರ್ಷ. ಅವತ್ತು ಟೌರಾಕಿ ಜಗಲಿ ಮೇಲೆ ಮಾತಾಡ್ತಿದ್ದಾಗ ನೀನೂ ಕೇಳಿಸ್ಕೊಂಡು ನೆಲ ನೋಡ್ತಿದ್ದೆ. ಅವನಿಗೆ ಎಷ್ಟು ಚಿಪ್ಪು ಮೊಗೆದು ಕೊಟ್ಟಿದೀಯ ಅಂತ ನಿನಗೆ ಲೆಕ್ಕ ಇಲ್ವಾ?"

ಪಿರಿ ತಲೆ ಕೆರೆದುಕೊಂಡ. "ಬಡೀತೀನಿ, ಬಿಡು. ನಾಳೆ ನನ್ನ ತುಮುನೂಗೆ ಯಾರೂ ಬರ್ದೆ ಇದ್ರೆ ನೀನೇ ಬಂದು ಕೂತ್ಕೊಂಡು ಕುಡೀಬೇಕು."

ಹಬ್ಬದ ದಿನ ಮೈದಾನದ ಒಂದು ಪಕ್ಕದಲ್ಲಿ ತೆಂಗಿನ ಗರಿಯ ಚಪ್ಪರ. ಅದರಡಿಯಲ್ಲಿ ಹೆಂಗಸರ ಬಿಳಿ ಟೋಪಿಗಳು, ಹಿಂದೆ ಗಂಡಸರು, ಮುಂದಿನ ಕುರ್ಚಿಯಲ್ಲಿ ಹೊಸ ಪಾದ್ರಿ ಎಲೀಶಾ. ಅವರು ಬೇರೆ ದ್ವೀಪದಿಂದ ಬಂದು ಎಂಟೇ ತಿಂಗಳಾಗಿತ್ತು. ನೋಹನ ಹಡಗು ಭರ್ಜರಿಯಾಗಿತ್ತು. ಹಂದಿಗಳು ನಿಜವಾದವು, ಎರಡರಲ್ಲಿ ಒಂದು ಹಡಗು ಹತ್ತಲೊಲ್ಲದೆ ಚಪ್ಪರದೊಳಗೆ ನುಗ್ಗಿತು. ಪಾರಿವಾಳದ ಬದಲು ಕೋಳಿ ಹಾರಿಸಿದರು. ಟೌರಾಕಿ ಬಿಳಿ ನಿಲುವಂಗಿ, ಅಗಲ ಅಂಚಿನ ಟೋಪಿ, ಹತ್ತಿಯ ಗಡ್ಡದಲ್ಲಿ ನಿಜಕ್ಕೂ ನೋಹನಿಗಿಂತ ನೋಹನಾಗಿದ್ದ. ಪಾಪಿಗಳನ್ನು ಗದರಿಸುವ ಭಾಗದಲ್ಲಂತೂ ಅವನಿಗೆ ಹೇಳಿಕೊಡಬೇಕಾದದ್ದೇನೂ ಇರಲಿಲ್ಲ.

ಕಾಮನಬಿಲ್ಲು ಮೂಡಿತು. ಜನ ಚಪ್ಪಾಳೆ ತಟ್ಟಿದರು. ಪಿರಿ ಪೀಪಾಯಿಯನ್ನು ಉರುಳಿಸಿಕೊಂಡು ಬಂದು ನಿಲ್ಲಿಸಿ, ಅದರ ಹಿಂದೆ ಕೂತ. ನೋಹ ದಿಮ್ಮಿಯ ಮೇಲೆ ಕೂತ. ಪಿರಿ ಒಮ್ಮೆ ಅತ್ತಿಗೆಯ ಕಡೆ ನೋಡಿದ. ಅವಳು ಹಡಗಿನ ಮರೆಯಲ್ಲಿ ಕೈಕಟ್ಟಿ ನಿಂತಿದ್ದಳು.

ಟಕ್, ಟಕ್.

ನೋಹ ಎದ್ದ. ಬಲಗೈ ತಾನಾಗಿ ಮೇಲೆ ಹೋಯಿತು, ಟೋಪಿ ಸಲೀಸಾಗಿ ಕೈಗೆ ಬಂತು. ಅದನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಚರ್ಚಿನಲ್ಲಿ ಯಾರೂ ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ ಶುರುಮಾಡಿದ: "ತಂದೆಯೇ, ಈ ಕಾಡಿನ ನೆರಳಿಗಾಗಿ, ಈ ಚಿಪ್ಪಿಗಾಗಿ, ಸುತ್ತ ಕೂತಿರುವ ಈ ಅಣ್ಣತಮ್ಮಂದಿರಿಗಾಗಿ..."

ತಮಾರು ಹೇಳಿದ್ದು ನಿಜ. ತುಂಬ ಚೆನ್ನಾಗಿತ್ತು.

ಕೈರಂಗಿ ಕಾಯುತ್ತಿದ್ದದ್ದು ಒಂದು ಟೋಪಿಗೆ. ಚಪ್ಪರದ ಕಡೆ ತಿರುಗಿ ನೋಡಿದರೆ ಅಲ್ಲಿ ನಲವತ್ತು ಟೋಪಿಗಳು ಕೆಳಗಿಳಿದಿದ್ದವು. ಗಂಡಸರು ಎದ್ದು, ತಲೆ ಬಗ್ಗಿಸಿ, ಆಮೆನ್‌ಗಾಗಿ ಕಾಯುತ್ತ ನಿಂತಿದ್ದರು. ಒಂದನ್ನು ಬಿಟ್ಟು ಪ್ರತಿಯೊಂದನ್ನೂ ಹೆಣೆದವಳು ಅವಳು. ಕಣ್ಣಾಡಿಸಿದರೆ ಸಾಕು, ಹಾಜರಿ ತೆಗೆದ ಹಾಗೆ. ಇನ್ನಿಬ್ಬರು ಸಭೆ ಹಿರಿಯರು. ಶಾಲೆಯ ಹೆಡ್‌ಮಾಸ್ತರರು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಹತ್ತು ಆಜ್ಞೆ ಬಾಯಿಪಾಠ ಮಾಡಿಸುವವನು. ಸರ್ಕಾರಿ ಟೋಪಿಯೂ ಕೆಳಗಿಳಿದಿತ್ತು. ಪಾದ್ರಿ ಎಲೀಶಾ ಅವರ ಕೈ ಕೂಡ ಟೋಪಿಯ ಅಂಚಿನವರೆಗೆ ಹೋಗಿ, ಏನೋ ಜ್ಞಾಪಿಸಿಕೊಂಡಂತೆ ಪಕ್ಕಕ್ಕೆ ಸರಿದು, ಕಿವಿ ಕೆರೆದುಕೊಂಡು ಕೆಳಗೆ ಬಂತು.

ಬಿಳಿ ಟೋಪಿಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು.

"ನೀನು ಮಂಗಳವಾರ ಗೆಣಸಿನ ತೋಟಕ್ಕೆ ಹೋಗ್ತೀನಿ ಅಂತಿದ್ಯಲ್ಲ!" ಎಂದು ಒಬ್ಬ ಹೆಂಗಸಿನ ದನಿ ಕೇಳಿಸಿತು. ಅಲ್ಲಿಂದ ಮುಂದೆ ನೋಹನ ಕಥೆ ಯಾರಿಗೂ ಬೇಕಾಗಲಿಲ್ಲ. ಟೌರಾಕಿ ಕಣ್ಣು ತೆರೆದಾಗ ಅವನ ಹತ್ತಿಯ ಗಡ್ಡ ಒಂದು ಕಿವಿಯಿಂದ ಜೋತುಬಿದ್ದಿತ್ತು. ಮೈದಾನದ ಎದುರು ತುದಿಯಲ್ಲಿ ಕೈರಂಗಿಯನ್ನು ಕಂಡ. ಅವಳು ಮೆಲ್ಲಗೆ ತಲೆಯಾಡಿಸಿದಳು, ಗಿರಾಕಿಗೆ ಟೋಪಿ ಸರಿಯಾಗಿ ಕೂತಿತೆಂದು ಹೇಳುವಾಗ ಆಡಿಸುವ ಹಾಗೆ.

ಶಿಸ್ತು ಕ್ರಮ ತೆಗೆದುಕೊಳ್ಳಬೇಕಾದ ಐದು ಜನ ಹಿರಿಯರಲ್ಲಿ ಮೂವರ ಟೋಪಿ ಇಳಿದಿತ್ತು. ನಾಲ್ಕನೆಯವರಿಗೆ ಕಿವಿ ಕೇಳುತ್ತಿರಲಿಲ್ಲ. ಪಾದ್ರಿ ಆ ವಾರವೆಲ್ಲ ಬೈಬಲ್ ತಿರುವಿಹಾಕಿದರೆಂದು ಸುದ್ದಿ.

ಸೋಮವಾರ ಟೌರಾಕಿ ಅಂಗಡಿಗೆ ಬಂದ, ಮುಂದಿನ ಬಾಗಿಲಿನಿಂದಲೇ.

"ಒಂದು ಉಪಕಾರ ಆಗ್ಬೇಕಮ್ಮ. ಆ ಬಡಿತಕ್ಕೆ ಎದ್ದು ಪ್ರಾರ್ಥನೆ ಮಾಡ್ಬೇಕು ಅಂತ ನಾಟಕದಲ್ಲಿ ನೀನೇ ಹೇಳಿಕೊಟ್ಟಿದ್ದೆ ಅಂತ ಪಾದ್ರಿಗೆ ಹೇಳು. ನೋಹ ಪ್ರಾರ್ಥನೆ ಮಾಡಿದ, ಜನಾನೂ ಮಾಡಿದ್ರು. ಮುಗೀತು."

"ನಲವತ್ತು ಜನಕ್ಕೂ ನಾನೇ ಹೇಳಿಕೊಟ್ಟಿದ್ನಾ?"

"ನನ್ನ ಪಾಡು ನೀನು ನೋಡು. ಅವರ ಪಾಡು ಅವರ ಹೆಂಡ್ತೀರು ನೋಡ್ಕೋತಾರೆ."

ಕೈರಂಗಿ ಹೆಣಿಗೆ ಕೆಳಗಿಟ್ಟಳು. "ಹೇಳ್ತೀನಿ. ನೀವು ತಮಾರುವಿನ ಗಂಟೆ ಬಡೀರಿ. ಅರವತ್ತೊಂದು. ನಿಮ್ಮ ಕೈಯಿಂದಾನೇ, ಊರು ಕೇಳೋ ಹಾಗೆ."

"ಈಗ ಬಡಿದ್ರೆ ನಾನು ತಪ್ಪು ಒಪ್ಕೊಂಡ ಹಾಗಲ್ವೇನಮ್ಮಾ?"

"ಹೌದು. ಒಪ್ಕೊಂಡ ಹಾಗೇ."

ಟೌರಾಕಿಯ ಮುಖದ ಮೇಲಿನ ಬೆಣ್ಣೆ ಕರಗಿತು. ಸಕ್ಕರೆ ಮೂಟೆಗಳ ಮೇಲೆ ಕೈಯಿಟ್ಟು, ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದ. "ನಾನು ಒಪ್ಕೊಳ್ಳೋಕೆ ಎದ್ದು ನಿಂತ್ರೆ ಎಲ್ಲಾನೂ ಒಪ್ಕೋಬೇಕಾಗತ್ತೆ. ಇಪ್ಪತ್ತೆರಡು ವರ್ಷ ಆ ಪೀಪಾಯಿಗೆ ಸಕ್ಕರೆ ಎಲ್ಲಿಂದ ಬಂತು, ಯೀಸ್ಟ್ ಎಲ್ಲಿಂದ ಬಂತು, ನಿರ್ಣಯ ಓದಿದ ಬಾಯಿ ಯಾವುದು, ಎಲ್ಲಾ. ಮುಂದಿನ ಬೆಂಚು ಬಿಟ್ಟು ಕೂತು ನಿಂಗೆ ಅಭ್ಯಾಸ ಇದೆಯೇನಮ್ಮಾ? ಭಾನುವಾರದವರೆಗೂ ಯೋಚ್ನೆ ಮಾಡು."

ಅವನು ಹೋದಮೇಲೆ ಕೈರಂಗಿ ಬಹಳ ಹೊತ್ತು ಆ ಮೂಟೆಗಳನ್ನೇ ನೋಡುತ್ತ ಕೂತಳು. ಮೂವತ್ತು ವರ್ಷದ ಮುಂದಿನ ಬೆಂಚು. ಆ ಬೆಂಚಿನಿಂದಲೇ ಅವಳು ಹಿಂದೆ ಕೂತವರ ಟೋಪಿಗಳನ್ನು, ಅವರ ಪಾಪಗಳನ್ನು ಎಣಿಸಿದವಳು. ಮದುವೆಗೆ ಮುಂಚೆ ಬಸುರಾದ ಹುಡುಗಿಯರನ್ನು ಹಿಂದಕ್ಕೆ ಕಳಿಸಬೇಕೆಂದಾಗ ಕೈಯೆತ್ತಿದವರಲ್ಲಿ ಅವಳದೂ ಒಂದು ಕೈ. ಟೌರಾಕಿ ಅಂಥದ್ದೊಂದು ಕೋಲು ಹಿಡಿದು ಬರುತ್ತಾನೆಂದು ಅವಳು ಲೆಕ್ಕ ಹಾಕಿರಲಿಲ್ಲ. ಎಲ್ಲರ ತಲೆಗೂ ದಾರ ಸುತ್ತಿದವಳು ತನ್ನ ತಲೆಗೆ ಸುತ್ತಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಬೆನ್ನ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಹೆಚ್ಚು ಪರಿಚಯದ್ದಾದ್ದರಿಂದ ಅದನ್ನೇ ಒಳಗೆ ಕರೆದು ಕೂರಿಸಿಕೊಂಡಳು. ಕೋಲು ಅವನ ಕೈಯಲ್ಲಿ ಇರುವವರೆಗೆ ತಾನೆ ಅವನ ಆಟ?

ಭಾನುವಾರ ಪ್ರಸಂಗಕ್ಕೆ ಮುಂಚೆ, ಸದಸ್ಯರು ಎದ್ದು ಸಾಕ್ಷಿ ಹೇಳುವ ಹೊತ್ತಿನಲ್ಲಿ, ಟೌರಾಕಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕೈರಂಗಿ ಎದ್ದು ನಿಂತಳು.

"ನಾನು ಇಪ್ಪತ್ತೆರಡು ವರ್ಷ ತುಮುನೂಗೆ ಸಕ್ಕರೆ, ಯೀಸ್ಟ್ ಮಾರಿದೀನಿ. ತೂಕದಲ್ಲಿ ಮೋಸ ಮಾಡಿಲ್ಲ. ಮಾರಿದ ಕೈಯಲ್ಲೇ ನಿರ್ಣಯ ಹಿಡ್ಕೊಂಡು ಓದಿದೀನಿ. ಓದುವಾಗ ನನ್ನ ಗಂಡ ಎಲ್ಲಿ ಕೂತಿದಾನೆ ಅಂತ ನಂಗೊತ್ತಿತ್ತು. ಇದನ್ನ ಇನ್ನೊಬ್ಬರು ಎದ್ದು ಹೇಳೋರಿದ್ರು. ಅವರಿಗೆ ಆ ಸಂತೋಷ ಸಿಗಬಾರದು ಅಂತ ನಾನೇ ಹೇಳ್ತಿದೀನಿ. ಬಡಿದಾಗ ಟೋಪಿ ತೆಗೀರಿ ಅಂತ ನಾನು ಯಾರಿಗೂ ಹೇಳಿಕೊಟ್ಟಿಲ್ಲ. ಅದು ಅವರವರ ಅಭ್ಯಾಸ."

ಇಷ್ಟು ಹೇಳಿ ತನ್ನ ಬೈಬಲು, ಕೀರ್ತನೆ ಪುಸ್ತಕ, ಬೀಸಣಿಗೆ ಎತ್ತಿಕೊಂಡು, ಎಲ್ಲರ ಕಣ್ಣೆದುರಿಗೆ ನಡೆದುಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಇಂಥ ಪಶ್ಚಾತ್ತಾಪಕ್ಕೆ ಆಮೆನ್ ಹೇಳುವುದೋ ಬೇಡವೋ ಎಂದು ಪಾದ್ರಿಗೆ ತಿಳಿಯಲಿಲ್ಲ. ಅಲ್ಲಿದ್ದ ಹುಡುಗಿಯೊಬ್ಬಳು, ಕಂಕುಳಲ್ಲಿ ಮಗು ಇಟ್ಟುಕೊಂಡವಳು, ಸರಿದು ಜಾಗ ಕೊಟ್ಟಳು. "ಬನ್ನಿ ಅಜ್ಜಿ. ಇಲ್ಲಿ ಗಾಳಿ ಚೆನ್ನಾಗಿ ಬರತ್ತೆ." ಕೈರಂಗಿಗೆ ಆ ಹುಡುಗಿಯ ಮುಖ ನೋಡಲಾಗಲಿಲ್ಲ. ಎರಡು ವರ್ಷದ ಹಿಂದೆ ಅವಳನ್ನು ಅಲ್ಲಿಗೆ ಕಳಿಸಿದ ಕೈಗಳಲ್ಲಿ ಒಂದು ಈಗ ಬೀಸಣಿಗೆ ಹಿಡಿದಿತ್ತು.

ಚರ್ಚೆಲ್ಲ ಟೌರಾಕಿಯ ಕಡೆ ತಿರುಗಿತು. ಅವನ ಕೈಯಲ್ಲಿದ್ದ ಕೋಲು ಹೋಗಿತ್ತು. ಎದ್ದ, ಕೂತ, ಮತ್ತೆ ಎದ್ದ. "ನಾನೂ ಹೋಗ್ತಿದ್ದೆ" ಎಂದ. "ಅವನು ಕುಡಿಸಿದ, ನಾನು ಕುಡಿದೆ. ಅವನ ಗಂಟೆ ನಾನು ನಿಲ್ಲಿಸಿದೆ."

ಪಾದ್ರಿ ಮೆತ್ತಗೆ ಹೇಳಿದರು: "ಬೀಗದ ಕೈ ಕೊಡಿ ಹಿರಿಯರೆ. ನಿಮಗೆ ವಯಸ್ಸಾಗಿದೆ. ಯಾರಾದ್ರೂ ಹುಡುಗರು ಬಡೀತಾರೆ."

"ಹುಡುಗರು ಬೇಡ" ಎಂದಳು ಕೈರಂಗಿ, ಕೊನೆಯ ಬೆಂಚಿನಿಂದ.

ಆರಾಧನೆ ಮುಗಿದ ಮೇಲೆ ಟೌರಾಕಿ ಕೋಟು ಬಿಚ್ಚಿ ಗೋಡೆಯ ಮೇಲಿಟ್ಟು ಹಗ್ಗ ಹಿಡಿದ. ಅವನಿಗೆ ಅರವತ್ತೆಂಟು. ಹಗ್ಗ ಉಪ್ಪುಗಾಳಿಗೆ ಒರಟಾಗಿತ್ತು. ಜನ ಬಿಸಿಲಿನಲ್ಲೇ ನಿಂತರು. ಮನೆಗಳಲ್ಲಿ ಬೆಳಿಗ್ಗೆಯೇ ಮುಚ್ಚಿಟ್ಟ ಕಲ್ಲೊಲೆಗಳಲ್ಲಿ ಹಂದಿಮಾಂಸ, ಕೆಸುವಿನ ಗೆಡ್ಡೆ ಮಿತಿಮೀರಿ ಬೇಯುತ್ತಿದ್ದವು. ಕೈರಂಗಿ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಎಣಿಸಿದಳು. ಇಪ್ಪತ್ತರವರೆಗೆ ಅವನು ಬೇಗ ಬೇಗ ಎಳೆದ. ಮೂವತ್ತಕ್ಕೆ ಅಂಗಿ ಬೆನ್ನಿಗಂಟಿತು. ನಲವತ್ತಕ್ಕೆ ಪಿರಿ ಹತ್ತಿರ ಬಂದು, "ಅತ್ತಿಗೆ, ನಾನು ಹಿಡೀಲಾ?" ಎಂದ.

"ನೀನು ಬಡಿಯೋದು ಬಡಿದಾಯ್ತು. ಸುಮ್ನೆ ನಿಂತ್ಕೊ. ನಲವತ್ತೊಂದು."

ಐವತ್ತೆಂಟಕ್ಕೆ ಟೌರಾಕಿ ಹಗ್ಗಕ್ಕೆ ಜೋತುಬಿದ್ದು ಉಸಿರು ತೆಗೆದುಕೊಂಡ. ಅಂಗೈ ಬಿರಿದಿತ್ತು. ಕಣ್ಣಿನಲ್ಲಿ ನೀರಿತ್ತು, ಬೆವರಿನದೋ, ತಮಾರುವಿಗಾಗಿಯೋ, ಅವನಿಗೇ ಗೊತ್ತು. ಕೈರಂಗಿ ಕಾದಳು. ಐವತ್ತೊಂಬತ್ತು. ಅರವತ್ತು. ಅರವತ್ತೊಂದು. ಸದ್ದು ತೋಟಗಳ ಮೇಲೆ ಹಾದು ಸುಣ್ಣಕಲ್ಲಿನ ಬಂಡೆಗಳ ಕಡೆ ಹೋಯಿತು. ಯಾರೋ ಹೆಂಗಸರು ಅಳತೊಡಗಿದರು, ಎರಡು ವರ್ಷ ತಡವಾಗಿ.

"ಆಯ್ತಾ?" ಎಂದ ಟೌರಾಕಿ, ಹಗ್ಗ ಬಿಡದೆ.

ಆಗಿತ್ತು. ಲೆಕ್ಕದಲ್ಲಿ ಜೀವಮಾನದಲ್ಲಿ ತಪ್ಪದವಳಿಗೆ ಅದು ಗೊತ್ತಿತ್ತು. ಬಿಸಿಲಿನಲ್ಲಿ ನಿಂತ ಊರಿಗೂ ಗೊತ್ತಿತ್ತು. ಎಲ್ಲರೂ ಒಳಗೊಳಗೇ ಎಣಿಸುತ್ತಿದ್ದವರೇ. ಅವಳು ಬಿಳಿ ಟೋಪಿಯನ್ನು ಸರಿಮಾಡಿಕೊಂಡಳು.

"ಐವತ್ತೇಳು ನೀವು ಹಾರಿಸಿದ್ರಿ" ಎಂದಳು. "ಇನ್ನೊಂದು."

ಯಾರೂ ಬಾಯಿ ಬಿಡಲಿಲ್ಲ. ಟೌರಾಕಿ ಅವಳ ಮುಖ ನೋಡಿದ. ಆಮೇಲೆ ಎರಡೂ ಕೈಯಿಂದ ಹಗ್ಗ ಹಿಡಿದು, ಇನ್ನೊಂದು ಬಡಿದ.